ಎಲೆಯ ಎಡಗಡೆ

ಸೆಪ್ಟೆಂಬರ್ 7, 2024, ಶನಿವಾರ

ಗಣೇಶನ ಹಬ್ಬದ ಊಟಕ್ಕೆ ಅಪ್ಪನನ್ನೂ ಎಲ್ಲರ ಸಾಲಿನಲ್ಲೇ ಕೂರಿಸಿದೆವು. ಪಲ್ಯ, ಕಡುಬು ಚೊಕ್ಕವಾಗಿ ಮುಗಿಸಿ, ‘ಈ ಸಲ ಕೋಸಂಬರಿ ಮಾಡಲಿಲ್ಲವೇ?’ ಎಂದು ಕೇಳಿದರು. ಎಲೆಯ ಎಡಗಡೆ, ಉಪ್ಪಿನಕಾಯಿಯ ಪಕ್ಕದಲ್ಲೇ ಕೋಸಂಬರಿ ಇತ್ತು. ಅನ್ನವೂ ನಡುವೆ ಗೆರೆ ಕೊರೆದಂತೆ ಎಡಕ್ಕೆ ಅರ್ಧ ಉಳಿದಿತ್ತು. ‘ವಯಸ್ಸಾದ ಮೇಲೆ ಹಟ ಜಾಸ್ತಿ’ ಎಂದು ನೆಂಟರೊಬ್ಬರು ಅಂದರು. ನನಗೆ ತುತ್ತು ಇಳಿಯಲಿಲ್ಲ.

ಕಳೆದ ವರ್ಷ ಲಕ್ವ ಹೊಡೆದದ್ದು ಅಪ್ಪನ ಮಿದುಳಿನ ಬಲಭಾಗಕ್ಕೆ. ಫಿಸಿಯೋಥೆರಪಿಯಿಂದ ಎಡಗಾಲು ಬಂತು, ಎಡಗೈ ಮುಕ್ಕಾಲು ಪಾಲು ಬಂತು. ಎಡಗಡೆ ಎಂಬುದೊಂದು ಇದೆ ಎನ್ನುವ ಗಮನ ಮಾತ್ರ ಮರಳಲಿಲ್ಲ. ಕಣ್ಣಿಗೆ ಏನೂ ಆಗಿಲ್ಲ. ಅದು ತಿಳಿಯದೆ ಎರಡು ಸಲ ಕನ್ನಡಕ ಬದಲಾಯಿಸಿದೆವು. ಎಡ ಮಿದುಳು ಹೆಚ್ಚಾಗಿ ಬಲಗಡೆಯನ್ನಷ್ಟೇ ಗಮನಿಸುತ್ತದೆ, ಬಲ ಮಿದುಳು ಎರಡೂ ಕಡೆಯನ್ನು. ಬಲಕ್ಕೆ ಪೆಟ್ಟು ಬಿದ್ದರೆ ಎಡಗಡೆಗೆ ದಿಕ್ಕಿಲ್ಲ. ಥೆರಪಿಸ್ಟ್ ಇದನ್ನು ಬಿಡಿಸಿ ಹೇಳಿದ ಮೇಲೆಯೇ ಎಡಗೆನ್ನೆಯ ಗಡ್ಡ ಹಾಗೇ ಉಳಿಯುವುದಕ್ಕೂ, ಬಾಗಿಲು ದಾಟುವಾಗ ಎಡಭುಜ ಬಡಿಯುವುದಕ್ಕೂ ಕಾರಣ ತಿಳಿಯಿತು. ನೋಡಲು ಬಂದವರೆಲ್ಲ ‘ಕೈಕಾಲು ಆಡುತ್ತವೆಯೇ?’ ಎಂದಷ್ಟೇ ಕೇಳುತ್ತಾರೆ.

ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟಿ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಥ ರೋಗಿಗಳಿಗೆ ಮಿಲಾನಿನ ದೊಡ್ಡ ಚೌಕವನ್ನು ಮನಸ್ಸಿನಲ್ಲೇ ನೆನೆದು ವರ್ಣಿಸಲು ಹೇಳಿದಾಗ ಬಲಗಡೆಯ ಕಟ್ಟಡಗಳೇ ಬಂದವು. ಎದುರು ತುದಿಯಲ್ಲಿ ನಿಂತಂತೆ ನೆನೆಯಿರಿ ಎಂದಾಗ ಮೊದಲು ಬಿಟ್ಟವು ಬಂದವು.

ಮಧ್ಯಾಹ್ನ ಅಪ್ಪನ ಪಕ್ಕ ಕುಳಿತು ನಮ್ಮೂರ ರಥಬೀದಿಯನ್ನು ಕೇಳಿದೆ. ದೇವಸ್ಥಾನಕ್ಕೆ ಬೆನ್ನು ಮಾಡಿ ಹೊರಟರೆ ಏನೇನು ಸಿಗುತ್ತದೆ? ಹೂವಿನಂಗಡಿ, ಗಿರಣಿ, ಅಂಚೆ ಕಚೇರಿ ಎಂದರು. ಎಲ್ಲವೂ ಬಲಸಾಲಿನವು. ಅವರು ಹುಟ್ಟಿದ ಮನೆ ಎಡಸಾಲಿನಲ್ಲಿದೆ. ಅದರ ಹೆಸರೇ ಬರಲಿಲ್ಲ. ‘ಈಗ ತೇರಿನ ಕೊಟ್ಟಿಗೆಯಿಂದ ದೇವಸ್ಥಾನದ ಕಡೆಗೆ ಬನ್ನಿ’ ಎಂದೆ. ಎರಡನೆಯದಕ್ಕೇ ‘ನಮ್ಮ ಮನೆ’ ಎಂದರು. ಆಮೇಲೆ ಜಗಲಿ, ಜಗಲಿಯಲ್ಲಿ ಮೊಗ್ಗು ಕಟ್ಟುತ್ತಿದ್ದ ಅಜ್ಜಿ, ಅಜ್ಜಿಯ ಸೊಂಟದ ಕೀಲಿಗೊಂಚಲು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ.

ರಾತ್ರಿ ಕೋಸಂಬರಿಯನ್ನು ಅನುಕೂಲವಾಗಲೆಂದು ಬಲಕ್ಕೆ ಬಡಿಸಲಿಲ್ಲ. ಥೆರಪಿಸ್ಟ್ ಹೇಳಿಕೊಟ್ಟಂತೆ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ‘ಕೆಂಪು ಕಾಣುವ ತನಕ ನೋಡಿ ಅಪ್ಪ’ ಎಂದೆ. ಕತ್ತು ನಿಧಾನವಾಗಿ ತಿರುಗಿತು, ಅನ್ನದ ಹತ್ತಿರ ನಿಂತಿತು, ಮತ್ತೆ ಸ್ವಲ್ಪ ತಿರುಗಿತು.