ಹೇನು ಹೆಕ್ಕುವುದರ ಹಿಂದಿನ ಲೆಕ್ಕ

ಆಗುಂಬೆ ಘಾಟಿಯ ಬುಡದಲ್ಲಿರುವ ಸೋಮೇಶ್ವರದಲ್ಲಿ ಮಂಗಗಳನ್ನು ನೋಡಬೇಕಾದರೆ ಉಡುಪಿಯಿಂದ ಬೆಳಿಗ್ಗೆ 5 ಗಂಟೆಗೇ ಹೊರಡಬೇಕು. ರಾತ್ರಿ ಮಲಗಿದ ಮರದಿಂದ ಒಂದೊಂದಾಗಿ ಇಳಿಯುವಾಗ ತಲೆ ಎಣಿಸುವುದು ಸುಲಭ. ಚದುರಿದ ಮೇಲೆ ಎಣಿಸಿದ್ದನ್ನೇ ಮತ್ತೆ ಎಣಿಸುತ್ತೇವೆ. ಅಕ್ಟೋಬರ್ ಕೊನೆಯ ಆ ದಿನ ಲೆಕ್ಕಕ್ಕೆ ಸಿಕ್ಕಿದ್ದು ಮರಿಗಳೂ ಸೇರಿ 21. ಎಲ್ಲ ಬಾನೆಟ್ ಮಕಾಕ್, ಅಂದರೆ ನೆತ್ತಿಯ ಕೂದಲು ಟೋಪಿಯಂತೆ ಹರಡಿಕೊಂಡ ನಮ್ಮ ಮಾಮೂಲಿ ಮಂಗ.

ಕೈಚೀಲ, ಪ್ಲಾಸ್ಟಿಕ್ ತೊಟ್ಟೆ, ಬಾಳೆಹಣ್ಣು ಯಾವುದೂ ಕಣ್ಣಿಗೆ ಬೀಳಬಾರದು. 10 ಮೀಟರ್ ದೂರ ಇರಬೇಕು, ದಿಟ್ಟಿಸಿ ನೋಡಬಾರದು. ಅವುಗಳ ಭಾಷೆಯಲ್ಲಿ ಅದು ಜಗಳಕ್ಕೆ ಕರೆ. ಇಂಬಳಕ್ಕೆ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ. ಡಿಸೆಂಬರ್ ನಂತರ ಬೇಸಿಗೆ ಮುಗಿಯುವ ತನಕ ಉಣ್ಣಿಯ ಕಾಟ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಆಗ ಉಣ್ಣಿಯನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚದೆ ಕಾಡಿಗೆ ಕಾಲಿಡಬಾರದು.

ಗುರುತು ಹಿಡಿಯದೆ ಮುಂದಿನ ಕೆಲಸವಿಲ್ಲ. ಹರಿದ ಕಿವಿ, ಡೊಂಕು ಬಾಲ, ಮೂಗಿನ ಮೇಲಿನ ಗಾಯ, ಹೀಗೆ ಒಂದೊಂದಕ್ಕೂ ಒಂದು ಅಡ್ಡಹೆಸರು. ಆಮೇಲೆ ಒಂದು ಮಂಗಕ್ಕೆ 10 ನಿಮಿಷ. ಯಾರ ಹತ್ತಿರ ಹೋಯಿತು, ಯಾರು ಎದ್ದು ಹೋದರು, ಯಾರು ಯಾರ ಹೇನು ಹೆಕ್ಕಿದರು ಎಂದು ಬರೆಯುತ್ತಾ ಹೋಗುವುದು. 1974ರಲ್ಲಿ ಪ್ರಾಣಿಗಳ ನಡವಳಿಕೆಯ ಸಂಶೋಧಕಿ ಜೀನ್ ಆಲ್ಟ್‌ಮನ್ ಈ ಕ್ರಮವನ್ನು ಸರಿಯಾಗಿ ಬಿಡಿಸಿ ಬರೆದರು. ಯಾವ ಮಂಗದ ಸರದಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತಾ ಹೋದರೆ ಪುಸ್ತಕದ ತುಂಬ ರಸ್ತೆಯಲ್ಲಿ ಕೂತ ದಪ್ಪ ಗಂಡುಗಳೇ! ಹುಟ್ಟಿದ ಗುಂಪಿನಲ್ಲೇ ಉಳಿದು ಅದನ್ನು ಹಿಡಿದಿಡುವ ಹೆಣ್ಣುಗಳು ಪೊದೆಯ ಹಿಂದೆಯೇ ಉಳಿದುಬಿಡುತ್ತವೆ.

ಒಂಬತ್ತೂವರೆ ಹೊತ್ತಿಗೆ ಹರಕಿವಿ ಕೂತು ಡೊಂಕುಬಾಲದ ಬೆನ್ನಿನ ಹೇನು ಹೆಕ್ಕುತ್ತಿತ್ತು. ಎರಡಕ್ಕಿಂತಲೂ ಮೇಲಿನ ಸ್ಥಾನದ ಮೂರನೆಯದೊಂದು ನಿಧಾನ ಹತ್ತಿರ ಬಂತು. ಹಲ್ಲು ಕಿರಿಯಲಿಲ್ಲ, ಗದರಲಿಲ್ಲ. ಹರಕಿವಿ ಎದ್ದು ಹೋಯಿತು, ಡೊಂಕುಬಾಲ ಕೂತೇ ಇತ್ತು. ಇಬ್ಬರಲ್ಲಿ ಕೆಳಗಿನ ಸ್ಥಾನ ಹರಕಿವಿಯದು. ಬಂದವಳು ತನಗಿಂತ ಮೇಲು ಎಂದಷ್ಟೇ ತಿಳಿದಿದ್ದರೆ ಎರಡೂ ಏಳಬೇಕಿತ್ತು. ಪಕ್ಕದವಳಿಗೂ ತನಗೂ ಇರುವ ಅಂತರವೂ ಹರಕಿವಿಯ ತಲೆಯಲ್ಲಿ ಇದ್ದಿರಬೇಕು. ಮದುವೆ ಊಟದ ಪಂಕ್ತಿಯಲ್ಲಿ ಯಾರು ಬಂದರೆ ಯಾರು ಎಲೆ ಬಿಟ್ಟುಕೊಡಬೇಕೆಂದು ತಿಳಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬಾನೆಟ್ ಮಂಗಗಳ ಇಂಥ ಪ್ರಸಂಗಗಳನ್ನೇ ಕಲೆಹಾಕಿ ಬೆಂಗಳೂರಿನ ಸಂಶೋಧಕ ಅನಿಂದ್ಯ ಸಿನ್ಹಾ 1998ರಲ್ಲಿ ಪ್ರಬಂಧ ಬರೆದಿದ್ದಾರೆ. ಆದರೆ ಒಂದು ಸಲ ಕಂಡದ್ದು ಸಾಕ್ಷಿಯಲ್ಲ. ಮರಿ ಕೂಗಿತೆಂದು ಎದ್ದಿರಬಹುದು, ಹಸಿವಾಗಿರಬಹುದು. ಹತ್ತಾರು ಸಲ ಎಣಿಸಬೇಕು.

21 ಮಂಗಗಳ ಗುಂಪಿನಲ್ಲಿ ಜೋಡಿ ಸಂಬಂಧಗಳು 210. ಗುಂಪು 31ಕ್ಕೆ ಏರಿದರೆ 465! ಹತ್ತು ತಲೆ ಹೆಚ್ಚಿದರೆ ನೆನಪಿಡಬೇಕಾದದ್ದು ದುಪ್ಪಟ್ಟಿಗೂ ಮೀರುತ್ತದೆ. 1992ರಲ್ಲಿ ಸಂಶೋಧಕ ರಾಬಿನ್ ಡನ್‌ಬಾರ್ ಪ್ರೈಮೇಟುಗಳ, ಅಂದರೆ ಮಂಗ, ವಾನರ, ಮನುಷ್ಯರೆಲ್ಲ ಸೇರುವ ವರ್ಗದ ಪ್ರಾಣಿಗಳ, ಗುಂಪಿನ ಗಾತ್ರವನ್ನು ನಿಯೋಕಾರ್ಟೆಕ್ಸ್ ಎಂಬ ಮಿದುಳಿನ ಹೊರಪದರದ ಪಾಲಿನ ಜೊತೆ ಇಟ್ಟು ನೋಡಿದರು. ದೊಡ್ಡ ಗುಂಪಿನವುಗಳಲ್ಲಿ ಆ ಪಾಲೂ ದೊಡ್ಡದಿತ್ತು. ಅದೇ ಗೆರೆಯನ್ನು ಮನುಷ್ಯನವರೆಗೆ ಎಳೆದಾಗ ಬಂದದ್ದು ಸುಮಾರು 150 ಜನರ ಗುಂಪು. ಎಲ್ಲರ ಬಾಯಲ್ಲೂ ಇರುವ ಆ ಸಂಖ್ಯೆಯನ್ನು ನೆಚ್ಚದಿರುವುದೇ ವಾಸಿ. 2021ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ ಉತ್ತರದ ಅಂಚುಗಳು ಎಷ್ಟು ಅಗಲವಾದವೆಂದರೆ, ಒಂದೇ ಸಂಖ್ಯೆ ಹೇಳುವುದಕ್ಕೆ ಅರ್ಥವೇ ಉಳಿಯಲಿಲ್ಲ.

ಹನ್ನೊಂದಕ್ಕೆ ಮೇಲಿನ ಕೊಂಬೆಗೆ ಮುಸುವಗಳು ಬಂದವು, ತುಳುವಿನ ಮುಜು. ಅವೂ ಗುಂಪಿನವೇ, ಅವೂ ಹೇನು ಹೆಕ್ಕುತ್ತವೆ. ಆದರೆ ದೇಹಕ್ಕೆ ಹೋಲಿಸಿದರೆ ಅವುಗಳ ಮಿದುಳು ಮಂಗದ್ದಕ್ಕಿಂತ ಚಿಕ್ಕದು. ಎಲೆ ಹೆಚ್ಚು ತಿನ್ನುವ ಜಾತಿ. ಅದನ್ನು ಹುದುಗಿಸಿ ಜೀರ್ಣಿಸಲು ಹಲವು ಕೋಣೆಗಳ ದೊಡ್ಡ ಹೊಟ್ಟೆ ಬೇಕು. ಮಿದುಳೋ ಖರ್ಚಿನ ಅಂಗ: ಮನುಷ್ಯನಲ್ಲಿ ತೂಕದ 2% ಇದ್ದರೂ ಶಕ್ತಿಯ 20% ಅದಕ್ಕೇ ಹೋಗುತ್ತದೆ. 2017ರಲ್ಲಿ 140ಕ್ಕೂ ಹೆಚ್ಚು ಪ್ರೈಮೇಟ್ ಜಾತಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ಮಿದುಳಿನ ಗಾತ್ರವನ್ನು ಗುಂಪಿಗಿಂತ ಆಹಾರವೇ ಚೆನ್ನಾಗಿ ಹೇಳಿತು. ಹಣ್ಣು ತಿನ್ನುವವುಗಳದ್ದು ದೊಡ್ಡದು. ಹೆಚ್ಚಾಗಿ ಒಂಟಿಯಾಗಿರುವ ಒರಾಂಗುಟಾನಿನ ದೊಡ್ಡ ಮಿದುಳೂ ಗುಂಪಿನ ವಾದಕ್ಕೆ ತೊಡಕೇ. ಒಂದೇ ಮರದಡಿ ನಿಂತು ಮಂಗ, ಮುಸುವ ಎರಡನ್ನೂ ನೋಡಿದರೆ ಎರಡು ಕಾರಣಗಳಲ್ಲಿ ಒಂದನ್ನು ಪೂರ್ತಿ ಬಿಡುವ ಧೈರ್ಯ ಬರುವುದಿಲ್ಲ.

ಮಧ್ಯಾಹ್ನ ಕಾರುಗಳು ನಿಲ್ಲತೊಡಗಿದವು. ಕಿಟಕಿಯಿಂದ ಚಿಪ್ಸ್ ಪೊಟ್ಟಣ ಹೊರಬಂದದ್ದೇ ತಡ, ಬೆಳಿಗ್ಗೆ ಹೇನು ಹೆಕ್ಕುತ್ತಿದ್ದವೆಲ್ಲ ರಸ್ತೆಗೆ ಬಂದವು. ಆ ಒಂದು ತಾಸಿನ ಹಾಳೆಗಳಲ್ಲಿ ಹೆಕ್ಕುವಿಕೆಯ ಸಾಲು ಹೆಚ್ಚುಕಡಿಮೆ ಖಾಲಿ, ಜಗಳದ ಸಾಲು ತುಂಬಿತ್ತು. ಇವನ್ನು ಬೆಳಗಿನ ಹಾಳೆಗಳ ಜೊತೆ ಬೆರೆಸಿ ಸರಾಸರಿ ತೆಗೆದರೆ ಕಾಡಿನ ಗುಂಪೂ ಅಲ್ಲದ, ರಸ್ತೆಯ ಗುಂಪೂ ಅಲ್ಲದ ಮೂರನೆಯದೊಂದು ಹುಟ್ಟಿಕೊಳ್ಳುತ್ತದೆ. ಬೇರೆ ಕಂತೆಯಲ್ಲೇ ಇಡಬೇಕು.

ನಾಲ್ಕಕ್ಕೆ ಮಂಜು ಇಳಿಯಿತು. ಹರಕಿವಿಯ ಕೊನೆಯ 10 ನಿಮಿಷದಲ್ಲಿ ಆರಷ್ಟೇ ಸಿಕ್ಕಿದ್ದು. ಹಾಳೆಯಲ್ಲಿ ಉಳಿದ ನಾಲ್ಕು ನಿಮಿಷಗಳ ಮನೆಗಳನ್ನು ಖಾಲಿ ಬಿಟ್ಟರೆ ನಾಳೆ ಯಾರೋ ಅದನ್ನು ಸೊನ್ನೆ ಎಂದು ಓದಿ, ಆ ಮಂಗ ಸುಮ್ಮನೆ ಕೂತಿತ್ತು ಎಂದುಕೊಳ್ಳುತ್ತಾರೆ. ಹಾಗಾಗಿ ನಾಲ್ಕರಲ್ಲೂ ‘ಕಾಣಿಸಲಿಲ್ಲ’ ಎಂದು ಬರೆದು ಹಾಳೆ ಮಡಚಿದ್ದಾಯಿತು.