ಒಂದು ಹಡಗು ಕಟ್ಟಲು ಎಷ್ಟು ಜನ ಬೇಕು? ಐದನೇ ವಾರದ ಲೆಕ್ಕ

ಹಡಗು ಕಟ್ಟಲು ಎಷ್ಟು ಆಳು ಬೇಕು ಅಂತ ಅಂದಾಜು ಮಾಡುವ ಒಂದು ಸ್ಪ್ರೆಡ್‌ಶೀಟ್ ಮಾಡುತ್ತಿದ್ದೇನೆ. ಹೋದ ವಾರದ ಶೀಟನ್ನು ಪೂರ್ತಿ ಅಳಿಸಿದೆ. ಸ್ಟೀಲ್ ತೂಕ ಹಿಡಿದು ಆಳು ಲೆಕ್ಕ ಹಾಕಲು ಹೋಗಿದ್ದೆ. ಸರಕು ಹಡಗಿಗೆ ಹೇಗೋ ನಡೆಯುತ್ತದೆ, ಆದರೆ ಒಳಗೆಲ್ಲ ರೂಮು, ಪೈಪು, ವೈರು, ಏಸಿ ತುಂಬಿರುವ ಹಡಗಿಗೆ ತೂಕ ಏನೂ ಹೇಳುವುದಿಲ್ಲ.

ಈಗ ಒಇಸಿಡಿ ಅನ್ನೋ ಅಂತರರಾಷ್ಟ್ರೀಯ ಆರ್ಥಿಕ ಸಂಸ್ಥೆಯ ಸಿಜಿಟಿ ಸೂತ್ರಕ್ಕೆ ಬಂದಿದ್ದೇನೆ. ಸಿಜಿಟಿ ಅಂದರೆ ಕಾಂಪೆನ್ಸೇಟೆಡ್ ಗ್ರಾಸ್ ಟನೇಜ್, ಹಡಗು ಕಟ್ಟಲು ಎಷ್ಟು ಕೆಲಸ ಹಿಡಿಯುತ್ತದೆ ಅನ್ನೋದರ ಅಳತೆ. ಗ್ರಾಸ್ ಟನೇಜನ್ನು (ಜಿಟಿ) ಬಿ ಘಾತಕ್ಕೆ ಏರಿಸಿ ಎ ಇಂದ ಗುಣಿಸಬೇಕು, ಅಷ್ಟೇ. ಹೆಸರಲ್ಲಿ ಟನ್ ಇದ್ದರೂ ಗ್ರಾಸ್ ಟನೇಜ್ ತೂಕ ಅಲ್ಲ, ಒಳಗಿನ ಜಾಗದ ಅಳತೆ. ಇದು ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯ್ತು. ಎ ಮತ್ತು ಬಿ ಹಡಗಿನ ಬಗೆಯ ಮೇಲೆ ಬದಲಾಗುತ್ತವೆ: ಸರಕು ಹಡಗಿಗೆ 27, 0.64, ಫೆರಿಗೆ 20, 0.71, ಪ್ರಯಾಣಿಕರ ಹಡಗಿಗೆ 49, 0.67. ಮೂರಕ್ಕೂ 3,000 ಜಿಟಿ ಕೊಟ್ಟು ನೋಡಿದೆ. ಸುಮಾರು 4,500, 5,900, 10,500 ಸಿಜಿಟಿ ಬಂತು. ಜಾಗ ಅಷ್ಟೇ, ಕೆಲಸ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ.

ಸರಕು ಹಡಗನ್ನೇ ಹಿಡಿದೆ. ಒಂದು ಸಿಜಿಟಿಗೆ 40 ಗಂಟೆ ಅಂತ ಹಾಕಿದೆ. ಇದು ನನ್ನ ಊಹೆ, ಹಡಗು ಕಟ್ಟುವ ಒಂದು ಯಾರ್ಡ್‌ನಿಂದ ಇನ್ನೊಂದು ಯಾರ್ಡ್‌ಗೆ ಸಿಕ್ಕಾಪಟ್ಟೆ ಬದಲಾಗುತ್ತದೆ, ಅದಕ್ಕೇ ಆ ಸೆಲ್‌ಗೆ ಹಳದಿ ಬಣ್ಣ. 1,80,000 ಗಂಟೆ. ಒಬ್ಬರಿಗೆ ವರ್ಷಕ್ಕೆ 2,000 ಗಂಟೆ ಅಂದುಕೊಂಡು, 15 ತಿಂಗಳಲ್ಲಿ ಮುಗಿಸಬೇಕು ಅಂದರೆ 72 ಜನ. ಖುಷಿಯಾಯ್ತು.

ವಿಜಯನಗರದಲ್ಲಿ ನಮ್ಮ ಮನೆ ಎದುರು ಮೂರು ಮಹಡಿ ಏಳುತ್ತಿದೆ. ಅಲ್ಲಿನ ಮೇಸ್ತ್ರಿ ಟೀ ಕುಡಿಯುವಾಗ ಸುಮ್ನೆ ಶೀಟ್ ತೋರಿಸಿದೆ. "ಎಪ್ಪತ್ತೆರಡು ಜನ ಮೊದಲ ದಿನದಿಂದ ಕೊನೇ ದಿನದವರೆಗೂ ಬರ್ತಾರಾ ಸಾರ್? ನಮಗೆ ಪಾಯಕ್ಕೆ ನಾಲ್ಕು ಜನ, ಮೋಲ್ಡ್ ಹಾಕೋ ದಿನ ಇಪ್ಪತ್ತೈದು, ಟೈಲ್ಸ್‌ಗೆ ಮತ್ತೆ ನಾಲ್ಕು." ಅಲ್ವಾ! ಸರಾಸರಿಯನ್ನು ಕಿತ್ತು, ನಿಧಾನ ಏರಿ ಇಳಿಯುವ ತ್ರಿಕೋನ ಹಾಕಿದೆ. ಮಧ್ಯದಲ್ಲಿ 144 ಜನ ಬೇಕು ಅಂತ ಬಂತು.

ಆಮೇಲೆ ಸಿಕ್ಕಿದ್ದು 1-3-8. ಹಡಗು ಕಟ್ಟುವವರ ಹಳೇ ಅಂದಾಜು ಇದು: ವರ್ಕ್‌ಶಾಪಿನಲ್ಲಿ 1 ಗಂಟೆ ಹಿಡಿಯುವ ಕೆಲಸಕ್ಕೆ ಬ್ಲಾಕ್ (ಹಡಗಿನ ಒಂದು ದೊಡ್ಡ ತುಂಡು) ಹಂತದಲ್ಲಿ 3 ಗಂಟೆ, ಬ್ಲಾಕ್‌ಗಳನ್ನೆಲ್ಲ ಜೋಡಿಸಿದ ಮೇಲೆ ಹಡಗಿನೊಳಗೆ ತೂರಿ ಮಾಡಿದರೆ 8. ಪ್ಲಾಸ್ಟರ್ ಆದ ಮೇಲೆ ಸ್ವಿಚ್ ಬೋರ್ಡ್ ಜಾಗ ಬದಲಿಸಿ ಗೋಡೆ ಒಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಪ್ ಲೆಕ್ಕದಲ್ಲಿ 10,000 ಗಂಟೆಯ ಪೈಪ್ ಕೆಲಸ ತಗೊಂಡೆ. ಶಾಪಿನಲ್ಲಿ 60, ಬ್ಲಾಕ್‌ನಲ್ಲಿ 30, ಹಡಗಿನಲ್ಲಿ 10 ಪರ್ಸೆಂಟ್ ಮಾಡಿದರೆ 23,000 ಗಂಟೆ. ಡ್ರಾಯಿಂಗ್ ತಡವಾಗಿ ಅದು 20, 30, 50 ಆದರೆ 51,000. ಒಂದೇ ಪೈಪು, ಅದೇ ಫಿಟ್ಟರ್!

ಒಂದೇ ಥರದ ಹಡಗು ಸಾಲಾಗಿ ಕಟ್ಟಿದರೆ ಗಂಟೆ ಇಳಿಯುತ್ತದೆ. ಮಲ್ಪೆಯ ಯಾರ್ಡ್‌ಗೆ ನಾರ್ವೆಯಿಂದ 3,800 ಟನ್ ಭಾರ ಹೊರುವ ಆರು ಹಡಗುಗಳ ಆರ್ಡರ್ ಬಂದದ್ದು ಓದಿದ್ದೆ, ಆ ಥರ. 85 ಪರ್ಸೆಂಟ್ ಕಲಿಕೆಯ ಕರ್ವ್, ಅಂದರೆ ಹಡಗಿನ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಗಂಟೆ 85 ಪರ್ಸೆಂಟಿಗೆ ಇಳಿಯುತ್ತದೆ ಅಂತ ಹಾಕಿದರೆ ಎರಡನೇದಕ್ಕೆ 1,53,000 ಗಂಟೆ, ನಾಲ್ಕನೇದಕ್ಕೆ 1,30,000. ಆದರೆ ಕಲಿತವರೇ ಉಳಿದರೆ ಮಾತ್ರ. ಹಬ್ಬಕ್ಕೆ ಊರಿಗೆ ಹೋದ ವೆಲ್ಡರ್ ವಾಪಸ್ ಬರದಿದ್ದರೆ ಕರ್ವ್ ಮತ್ತೆ ಮೇಲಕ್ಕೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 2,710 ಲಿಬರ್ಟಿ ಹಡಗು ಕಟ್ಟಿತು. 1942ರ ನವೆಂಬರ್‌ನಲ್ಲಿ ಒಂದನ್ನು ನಾಲ್ಕೂಮುಕ್ಕಾಲು ದಿನದೊಳಗೆ ನೀರಿಗಿಳಿಸಿದರು. ಅದನ್ನು ನೋಡಿ ಮೋಸ ಹೋಗಬೇಡಿ, ದೊಡ್ಡ ದೊಡ್ಡ ಭಾಗಗಳು ಮೊದಲೇ ರೆಡಿ ಇದ್ದವು. ದಿನ ಕಡಿಮೆಯಾಯ್ತು ಅಂದರೆ ಗಂಟೆಯೂ ಅಷ್ಟೇ ಕಡಿಮೆ ಅಂತಲ್ಲ.

ಇನ್ನೊಂದು ತೂತು: ಶೀಟ್ ಯಾರ್ಡಿನೊಳಗಿನವರನ್ನಷ್ಟೇ ಎಣಿಸುತ್ತದೆ. ಐಎನ್‌ಎಸ್ ವಿಕ್ರಾಂತ್‌ಗೆ ಕೊಚ್ಚಿ ಯಾರ್ಡಿನಲ್ಲಿ 2,000 ಜನ, ಹೊರಗಿನ ಪೂರಕ ಕೈಗಾರಿಕೆಗಳಲ್ಲಿ 12,000 ಜನ ಅಂತ ಸರ್ಕಾರವೇ ಹೇಳಿದೆ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಭಾನುವಾರ ಮೇಸ್ತ್ರಿ ಮತ್ತೆ ಸಿಕ್ಕರು. 144 ನೋಡಿ, "ಇವರೆಲ್ಲ ಎಲ್ಲಿ ನಿಲ್ತಾರೆ?" ಅಂದರು. ಎಂಜಿನ್ ರೂಮಿನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಹೆಲ್ಪರ್ ಎಲ್ಲ ಸೇರಿ 12 ಜನಕ್ಕಿಂತ ಜಾಸ್ತಿ ಹಿಡಿಸಲ್ಲ ಅಂತ ಮಿತಿ ಹಾಕಿದೆ. ಪೀಕ್ 110ಕ್ಕೆ ಇಳಿಯಿತು, 15 ತಿಂಗಳು 19 ಆಯ್ತು. ಪೇಂಟ್ ನಡೆಯುವಾಗ ಪಕ್ಕದಲ್ಲಿ ವೆಲ್ಡಿಂಗ್ ಮಾಡುವಂತಿಲ್ಲ ಅನ್ನೋದು ಶೀಟ್‌ಗೆ ಇನ್ನೂ ಗೊತ್ತಿಲ್ಲ, ಮುಂದಿನ ವಾರ ಅದೇ ಕೆಲಸ.