ಶತ್ರುಗಳಿಂದ ಅಕ್ಷರ ಕಲಿತ ರಾಜ

ಪರ್ಷಿಯಾದ ಆದಿರಾಜರಲ್ಲಿ ಎಲ್ಲರೂ ಕೊಂಡಾಡುವುದು ಜಮ್‌ಶೀದನನ್ನು. ನನ್ನ ಮೆಚ್ಚಿನವನು ಮಾತ್ರ ಅವನಿಗಿಂತ ಮೊದಲು ಆಳಿದ ತಹಮೂರಸ್. ಕವಿ ಫಿರ್ದೌಸಿ 1010ರಲ್ಲಿ ಮುಗಿಸಿದ ಪಾರಸಿ ಮಹಾಕಾವ್ಯ ‘ಶಾಹ್‌ನಾಮೆ’ಯಲ್ಲಿ ಇವನ ಪಾಲಿಗೆ ಬಂದಿರುವುದು ಕೆಲವೇ ಪದ್ಯಗಳು. ಆದರೆ ಎಂಥ ಪದ್ಯಗಳು! ಕೇಡಿನ ಒಡೆಯ ಅಹ್ರಿಮನನನ್ನೇ ಮಂತ್ರದಿಂದ ಕಟ್ಟಿ, ಬೆನ್ನಿಗೆ ಜೀನು ಬಿಗಿದು, ಏರಿ ಕುಳಿತು ಲೋಕ ಸುತ್ತುತ್ತಾನೆ. ರೊಚ್ಚಿಗೆದ್ದ ದೈತ್ಯರನ್ನು ಬಡಿದು ಸೆರೆಹಿಡಿಯುತ್ತಾನೆ. ‘ಕೊಲ್ಲಬೇಡ, ಹೊಸ ವಿದ್ಯೆಯೊಂದನ್ನು ಕಲಿಸುತ್ತೇವೆ’ ಎಂದು ಅವರು ಗೋಗರೆಯುತ್ತಾರೆ. ಆ ವಿದ್ಯೆಯೇ ಬರವಣಿಗೆ. ಒಂದಲ್ಲ, ಮೂವತ್ತರ ಹತ್ತಿರ ಲಿಪಿಗಳು. ಅರಬ್ಬಿ, ಪಾರಸಿ, ಸೊಗ್ದಿ, ಚೀನಿ, ಪಹ್ಲವಿ ಎಲ್ಲವೂ ಅದರಲ್ಲಿ ಸೇರಿವೆ. ಬಾಳಿನ ಬಹುಭಾಗವನ್ನು ಅಕ್ಷರದಲ್ಲೇ ಸವೆಸಿದ ಕವಿಯೊಬ್ಬ, ಅಕ್ಷರ ಬಂದದ್ದು ದೈತ್ಯರಿಂದ ಎಂದು ಹಿಂಜರಿಯದೆ ಬರೆದಿದ್ದಾನಲ್ಲ!

ತಹಮೂರಸನ ತಂದೆ ಹೋಶಂಗನ ಕಥೆಯೂ ಹೀಗೆಯೇ. ಕರಿಹಾವೊಂದಕ್ಕೆ ಕಲ್ಲು ಬೀಸಿದ. ಹಾವು ತಪ್ಪಿಸಿಕೊಂಡಿತು, ಕಲ್ಲು ಬಂಡೆಗೆ ಬಡಿದು ಕಿಡಿ ಹಾರಿತು. ಮನುಷ್ಯರಿಗೆ ಬೆಂಕಿ ದಕ್ಕಿದ್ದು ಗುರಿ ತಪ್ಪಿದ್ದರಿಂದ! ಆ ರಾತ್ರಿಯೇ ಅವನು ದೊಡ್ಡ ಬೆಂಕಿ ಹಾಕಿ ಹಬ್ಬ ಮಾಡಿದ. ಚಳಿಗಾಲದ ‘ಸದೆ’ ಹಬ್ಬದ ಮೂಲ ಅದು ಎನ್ನುತ್ತದೆ ಕಾವ್ಯ. ಅವನ ಅಜ್ಜ ಕಯೂಮರ್ಸ್ ಬೆಟ್ಟದ ಮೇಲೆ ಚಿರತೆಯ ತೊಗಲುಟ್ಟು ಆಳಿದವನು. ಜರತುಷ್ಟ್ರ ಧರ್ಮದ ಹಳೆಯ ಗ್ರಂಥಗಳಲ್ಲಿ ಅವನು ರಾಜನೇ ಅಲ್ಲ, ಮೊದಲ ಮನುಷ್ಯ.

ಇನ್ನು ಜಮ್‌ಶೀದ್. ಜರತುಷ್ಟ್ರ ಧರ್ಮದ ಪವಿತ್ರ ಗ್ರಂಥ ಅವೆಸ್ತಾದಲ್ಲಿ ಇವನೇ ವಿವಹ್ವಂತನ ಮಗ ಯಿಮ, ನಮ್ಮ ವಿವಸ್ವಂತನ ಮಗ ಯಮನ ಸಂಬಂಧಿ. ವೇದದ ಯಮ ಮೊಟ್ಟಮೊದಲು ಸತ್ತವನು; ಈತನ ರಾಜ್ಯದಲ್ಲಿ ಮುನ್ನೂರು ವರ್ಷ ಸಾವೇ ಇಲ್ಲ! ಕಬ್ಬಿಣ, ನೇಯ್ಗೆ, ವೈದ್ಯ, ಹಡಗು ಎಲ್ಲವೂ ಇವನ ಕಾಲದ್ದೇ. ಮಣ್ಣು ಕಲಸಿ ಇಟ್ಟಿಗೆ ಹಾಕಿದವರು, ಹೊಸವರ್ಷದ ನೌರೂಜ್ ದಿನ ಇವನ ಸಿಂಹಾಸನವನ್ನು ಆಕಾಶಕ್ಕೆ ಹೊತ್ತವರು ಅದೇ ದೈತ್ಯರು. ಆಮೇಲೆ, ಲೋಕದಲ್ಲಿ ತನ್ನನ್ನು ಬಿಟ್ಟರೆ ಇನ್ನಾರೂ ಇಲ್ಲ ಎಂದು ಸಭೆಯಲ್ಲಿ ಸಾರಿಕೊಂಡ. ‘ಫರ್ರ್’ ಎಂಬ ರಾಜತೇಜಸ್ಸು ಅವನನ್ನು ಬಿಟ್ಟುಹೋಯಿತು. ಅವೆಸ್ತಾದಲ್ಲಿ ಅದು ಹಕ್ಕಿಯಾಗಿ ಹಾರಿಹೋಗುತ್ತದೆ. ಸೈನ್ಯ ಅರಬ್ ದೊರೆ ಜಹ್ಹಾಕನತ್ತ ವಾಲಿತು. ತಲೆಮರೆಸಿಕೊಂಡ ಜಮ್‌ಶೀದ್ ನೂರು ವರ್ಷದ ಮೇಲೆ ಚೀನಾದ ಕಡಲ ಬಳಿ ಸಿಕ್ಕಿಬಿದ್ದ. ಜಹ್ಹಾಕ್ ಅವನನ್ನು ಗರಗಸದಿಂದ ಸೀಳಿಸಿದ.

ಇಷ್ಟಾದರೂ, ಶಿರಾಜ್ ಬಳಿ ಪರ್ಷಿಯಾದ ದೊರೆ ಡೇರಿಯಸ್ ಕಟ್ಟಿಸತೊಡಗಿದ ಅರಮನೆಗಳ ನಗರ ಪರ್ಸೆಪೊಲಿಸ್ ಅನ್ನು ಇರಾನಿನವರು ಇಂದಿಗೂ ‘ತಖ್ತೆ ಜಮ್‌ಶೀದ್’ (ಜಮ್‌ಶೀದನ ಸಿಂಹಾಸನ) ಎನ್ನುತ್ತಾರೆ. ಬೇರೆಯವರ ದುಡಿಮೆ ತನ್ನ ಹೆಸರಿಗೆ ಸಲ್ಲುವ ಅದೃಷ್ಟ ಅವನಿಗೆ ಸತ್ತ ಮೇಲೂ ತಪ್ಪಲಿಲ್ಲ.